ನಡುವೆ ಕೂರುವವರ ಕಾಲಿಗೆ ಜಾಗ ಎಲ್ಲಿದೆ? ಸಿಯಾಜ್, ಸಿಟಿ, ವರ್ಟಸ್ ಹೋಲಿಕೆ

ಮಾರುತಿ ಸಿಯಾಜ್ ತಯಾರಿಕೆ 2025ರಲ್ಲಿ ನಿಂತಿತು. ನಿಂತುಹೋದ ಕಾರನ್ನು, ಅದರಲ್ಲೂ ಸೆಕೆಂಡ್ ಹ್ಯಾಂಡ್‌ನಲ್ಲಿ ಏಕೆ ಕೊಂಡೆ ಎಂದು ಚಿಕ್ಕಮಗಳೂರಿನಲ್ಲಿ ನನ್ನನ್ನು ಕೇಳದವರಿಲ್ಲ. ಸಹೋದ್ಯೋಗಿಯೊಬ್ಬರ ಹೋಂಡಾ ಸಿಟಿಯನ್ನೂ ಹಾಸನದಲ್ಲಿರುವ ಭಾವನ ಫೋಕ್ಸ್‌ವ್ಯಾಗನ್ ವರ್ಟಸನ್ನೂ ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ನಮ್ಮ ರಸ್ತೆಗಳಲ್ಲೇ ಓಡಿಸಿ ನೋಡಿದ ಮೇಲೆ ಕೊಂಡದ್ದು. ಒಂದು ಮಳೆಗಾಲ ಕಳೆದಿದೆ. ಇವತ್ತು ಮತ್ತೆ ಮೂರನ್ನೂ ಸಾಲಾಗಿ ನಿಲ್ಲಿಸಿದರೂ ಸಿಯಾಜ್ ಕೀಲಿಯನ್ನೇ ಎತ್ತಿಕೊಳ್ಳುತ್ತೇನೆ.

ಎಸ್‌ಯುವಿ ಬಿಟ್ಟು ಸೆಡಾನ್ ಏಕೆ ಎಂಬುದಕ್ಕೆ ನನ್ನ ಉತ್ತರ ಡಿಕ್ಕಿ. ನಮ್ಮ ತೋಟ ಆಲ್ದೂರಿನ ಆಚೆ. ಅಲ್ಲಿಂದ ಬರುವಾಗ ಹಿಂದೆ ಮಾಗಿದ ಹಲಸು ಇರುತ್ತದೆ, ಕಾಳುಮೆಣಸಿನ ಚೀಲ ಇರುತ್ತದೆ, ಮಳೆಯಲ್ಲಿ ನೆನೆದ ಗೋಣಿ ಇರುತ್ತದೆ. ಡಿಕ್ಕಿ ಒಳಗಿನಿಂದ ಬೇರೆಯಾಗಿದ್ದರೆ ಆ ವಾಸನೆ ಕೂರುವ ಕಡೆಗೆ ಬರುವುದಿಲ್ಲ. ಅಮ್ಮನಿಗೆ ತಿರುವಿನ ರಸ್ತೆಯಲ್ಲಿ ಹೊಟ್ಟೆ ತೊಳಸುತ್ತದೆ; ಹಲಸಿನ ಘಮ ಸೇರಿದರೆ ಗಾಡಿ ಪಕ್ಕಕ್ಕೆ ನಿಲ್ಲಿಸಲೇಬೇಕು. ಮೂರೂ ಕಾರುಗಳ ಡಿಕ್ಕಿ 500 ಲೀಟರ್ ದಾಟುತ್ತದೆ, ಆ ಲೆಕ್ಕದಲ್ಲಿ ಯಾವುದನ್ನು ಕೊಂಡರೂ ನಡೆಯುತ್ತದೆ. ಪೆಟ್ರೋಲ್ ಎಂಜಿನ್ ಜೊತೆಗೆ ಬ್ಯಾಟರಿಯಿಂದಲೂ ಓಡುವ ಸಿಟಿಯ ಹೈಬ್ರಿಡ್ ಮಾತ್ರ ಬೇರೆ. ಅದರ ಬ್ಯಾಟರಿ ಹಿಂಭಾಗದಲ್ಲಿ ಜಾಗ ಹಿಡಿಯುವುದರಿಂದ, 2022ರಲ್ಲಿ ಬಂದಾಗ ಡಿಕ್ಕಿ 506 ಲೀಟರ್‌ನಿಂದ 306ಕ್ಕೆ ಇಳಿದಿತ್ತು. ಮೈಲೇಜ್ ಎಷ್ಟೇ ಚೆನ್ನಾಗಿರಲಿ, ಹೊರನಾಡಿಗೆ ಐದು ಜನ ಹೊರಟಾಗ ಬ್ಯಾಗುಗಳನ್ನು ತೊಡೆಯ ಮೇಲೆ ಇಟ್ಟುಕೊಳ್ಳಲಾಗುವುದಿಲ್ಲ.

ಈಗ ನನ್ನನ್ನು ತಿಂಗಳುಗಟ್ಟಲೆ ಕಾಡಿದ ವಿಷಯಕ್ಕೆ ಬರುತ್ತೇನೆ: ಹಿಂದಿನ ಸೀಟಿನಲ್ಲಿ ನಡುವೆ ಕೂರುವವರು.

ನಮ್ಮ ಮನೆಯಲ್ಲಿ ಅಪ್ಪ ಮುಂದೆ ಕೂರುತ್ತಾರೆ. ಹಿಂದೆ ಒಂದು ಕಿಟಕಿ ಅಮ್ಮನಿಗೆ, ಇನ್ನೊಂದು ನನ್ನ ಹೆಂಡತಿಗೆ, ನಡುವೆ ಮಗಳು. ಮಗಳು ಈಗ ಎತ್ತರಕ್ಕೆ ಬೆಳೆದಿದ್ದಾಳೆ. ಷೋರೂಮಿನಲ್ಲಿ ಯಾರೂ ಕೂತು ನೋಡದ ಜಾಗ ಅದು. ಸೇಲ್ಸ್‌ನವರು ಬಾಗಿಲು ತೆಗೆದು ಕಿಟಕಿ ಪಕ್ಕ ಕೂರಿಸುತ್ತಾರೆ, ಮಂಡಿ ಮುಂದೆ ಎಷ್ಟು ಅಂತರ ಉಳಿದಿದೆ ಎಂದು ತೋರಿಸುತ್ತಾರೆ, ಅಲ್ಲಿಗೆ ಮುಗಿಯಿತು. ನಡುವೆ ಕೂತವರ ಕಾಲು ಎಲ್ಲಿ ಹೋಗುತ್ತದೆ ಎಂದು ನೋಡಬೇಕಾದರೆ ಬಗ್ಗಿ ನೆಲ ನೋಡಬೇಕು.

ನೆಲದ ಉದ್ದಕ್ಕೂ ನಡುವೆ ಒಂದು ದಿಬ್ಬ ಇರುತ್ತದೆ. ಅಂಬಾಸಿಡರ್ ಕಾಲದಲ್ಲಿ ಅದಕ್ಕೆ ಸ್ಪಷ್ಟ ಕಾರಣವಿತ್ತು: ಎಂಜಿನ್ ಮುಂದೆ, ಎಳೆಯುವ ಚಕ್ರ ಹಿಂದೆ, ಎರಡನ್ನೂ ಸೇರಿಸುವ ಷಾಫ್ಟ್ ನೆಲದಡಿ ತಿರುಗುತ್ತಿತ್ತು. ಈ ಮೂರು ಸೆಡಾನ್‌ಗಳಲ್ಲೂ ಎಂಜಿನ್ ಅಡ್ಡಲಾಗಿದೆ, ಎಳೆಯುವುದು ಮುಂದಿನ ಚಕ್ರ, ಷಾಫ್ಟ್ ಇಲ್ಲವೇ ಇಲ್ಲ. ಹಾಗಾದರೆ ದಿಬ್ಬವೇಕೆ ಎಂದು ಮೆಕ್ಯಾನಿಕ್‌ನನ್ನು ಕೇಳಿದೆ. ಕಾರನ್ನು ಲಿಫ್ಟ್ ಮೇಲೆ ಎತ್ತಿ ತೋರಿಸಿದ: ಆ ಪೊಳ್ಳಿನೊಳಗೆ ಹೊಗೆ ಕೊಳವೆ ಹಾದುಹೋಗುತ್ತದೆ, ಬ್ರೇಕ್ ಪೈಪ್‌ಗಳಿಗೂ ಅಲ್ಲಿ ದಾರಿ. ಮಡಿಕೆ ಬಿದ್ದ ತಗಡು ಚಪ್ಪಟೆ ತಗಡಿಗಿಂತ ಗಟ್ಟಿಯಾದ್ದರಿಂದ ಬಾಡಿ ತಿರುಚದಂತೆಯೂ ಅದು ತಡೆಯುತ್ತದೆ. ಎಷ್ಟು ಎತ್ತರ ಎನ್ನುವುದು ಕಾರಿನ ವಿನ್ಯಾಸಕ್ಕೆ ಬಿಟ್ಟದ್ದು.

ವರ್ಟಸ್‌ನಲ್ಲಿ ಈ ದಿಬ್ಬ ಎತ್ತರ, ಹಿಂದಿನ ಸೀಟನ್ನೂ ಇಬ್ಬರಿಗೆಂದೇ ತಗ್ಗು ಕೊಟ್ಟು ಹೊಲಿದಿದ್ದಾರೆ. ಕಿಟಕಿ ಪಕ್ಕದ ಇಬ್ಬರಿಗೆ ಅದು ಬಹಳ ಒಳ್ಳೆಯ ಸೀಟು; ತಿರುವಿನಲ್ಲಿ ಬೆನ್ನು ಜಾರುವುದಿಲ್ಲ. ನಡುವೆ ಕೂತ ಮಗಳ ಪಾದಗಳು ಮಾತ್ರ ದಿಬ್ಬದ ಆಚೆಗೊಂದು ಈಚೆಗೊಂದು ಹೋದವು. ಮಂಡಿ ಎದೆಯತ್ತ ಬಂತು. ಬೇಲೂರು ದಾಟುವಷ್ಟರಲ್ಲಿ ಅವಳ ಷೂ ಅಮ್ಮನ ಸೀರೆಯ ಅಂಚನ್ನು ಒತ್ತತೊಡಗಿತ್ತು. ಅಮ್ಮ ಮಂಡಿನೋವಿನ ಕಾಲನ್ನು ಬಾಗಿಲಿಗೆ ಆನಿಸಿ ಜಾಗ ಮಾಡಿಕೊಟ್ಟರು. ಒಬ್ಬರ ಕಾಲಿಗೆ ಜಾಗವಿಲ್ಲದಿದ್ದರೆ ಮೂವರ ಪ್ರಯಾಣವೂ ಕೆಡುತ್ತದೆ. ಇಬ್ಬರೇ ಹಿಂದೆ ಕೂರುವ ಮನೆಗೆ ಈ ಮಾತು ಲೆಕ್ಕಕ್ಕೇ ಬರುವುದಿಲ್ಲ. ನಮಗೆ ಇದೇ ಎಲ್ಲಕ್ಕಿಂತ ದೊಡ್ಡ ಮಾತು.

ಸಿಟಿಯಲ್ಲಿ ದಿಬ್ಬ ತಗ್ಗು, ಮಗಳು ಎರಡೂ ಪಾದ ಊರಿ ಕೂತಳು. ಸಿಯಾಜ್‌ನಲ್ಲೂ ಹಾಗೆಯೇ. ಇವೆರಡರ ನಡುವೆ ತೀರ್ಮಾನ ಮಾಡಿದ್ದು ಅಮ್ಮ. ಸಿಯಾಜ್‌ನಲ್ಲಿ ಮುಂದಿನ ಸೀಟಿಗೂ ಮಂಡಿಗೂ ನಡುವೆ ಎಷ್ಟು ಜಾಗ ಉಳಿಯುತ್ತದೆಂದರೆ ಅಮ್ಮ ಕಾಲನ್ನು ಪೂರ್ತಿ ಮುಂದಕ್ಕೆ ಚಾಚಬಹುದು. ಕೊಟ್ಟಿಗೆಹಾರದಲ್ಲಿ ನೀರುದೋಸೆಗೆಂದು ನಿಂತಾಗ ಕಾರಿನಿಂದ ಇಳಿದ ಅಮ್ಮ ಬಾಗಿಲು ಹಿಡಿದುಕೊಂಡು ನಿಲ್ಲಲಿಲ್ಲ, ನೇರ ನಡೆದು ಹೋದರು. ನನಗೆ ಅಷ್ಟು ಸಾಕಾಯಿತು.

ಎಂಜಿನ್, ಗೇರ್ ವಿಷಯದಲ್ಲಿ ಕಾಗದದ ಅಂಕಿ ನೋಡಿದರೆ ಸಿಯಾಜ್ ಸೋಲುತ್ತದೆ. ವರ್ಟಸ್‌ನ 1.0 ಟರ್ಬೊ (ಹೆಚ್ಚು ಗಾಳಿ ತುಂಬಿ ಸಣ್ಣ ಎಂಜಿನ್ನಿನ ಬಲ ಹೆಚ್ಚಿಸುವ ವ್ಯವಸ್ಥೆ) ಎಂಜಿನ್ ನಿಮಿಷಕ್ಕೆ 1750 ಸುತ್ತು (ಆರ್‌ಪಿಎಂ) ತಿರುಗುವಾಗಲೇ 178 ಎನ್‌ಎಂ ಟಾರ್ಕ್, ಅಂದರೆ ಎಳೆಯುವ ಬಲ, ಕೊಡುತ್ತದೆ. ಸಿಯಾಜ್‌ನ 1.5 ಪೆಟ್ರೋಲ್ ಕೊಡುವುದು 138, ಅದೂ 4400ಕ್ಕೆ. ಹಾಸನ–ಬೇಲೂರು ರಸ್ತೆಯಲ್ಲಿ ಲಾರಿ ದಾಟುವಾಗ ಟರ್ಬೊ ಕೊಡುವ ಆ ತಳ್ಳು ಸಿಯಾಜ್‌ಗೆ ಬರುವುದೇ ಇಲ್ಲ. ಆದರೆ ಕೈಮರದಿಂದ ಅತ್ತಿಗುಂಡಿ ಕಡೆ ಹತ್ತುವಾಗ ಐದು ಜನ ತುಂಬಿಕೊಂಡು ಬಿಗಿ ತಿರುವಿಗೆ ಬಂದರೆ ಎಂಜಿನ್ 1750ಕ್ಕಿಂತ ಕೆಳಗೇ ಇರುತ್ತದೆ. ಟರ್ಬೊ ಎಚ್ಚರಗೊಳ್ಳುವ ಮೊದಲು ಕೈಯಲ್ಲಿ ಉಳಿಯುವುದು ಬರಿಯ ಒಂದು ಲೀಟರ್ ಎಂಜಿನ್. ಎರಡನೇ ಗೇರ್‌ನಲ್ಲಿ ಗಾಡಿ ತಡವರಿಸುತ್ತದೆ, ಒಂದಕ್ಕೆ ಇಳಿಸಬೇಕು. ಇದು ಆ ಕಾರಿನ ದೋಷವಲ್ಲ, ಸಣ್ಣ ಟರ್ಬೊ ಎಂಜಿನ್ನುಗಳ ಗುಣ. ನಾನು ಓಡಿಸಿದ್ದು ಮ್ಯಾನುವಲ್. ಘಟ್ಟದವರು ಈ ಕಾರು ಕೊಳ್ಳುವುದಾದರೆ ಕ್ಲಚ್ ಒತ್ತುವ ಕೆಲಸವಿಲ್ಲದ ಟಾರ್ಕ್ ಕನ್ವರ್ಟರ್ ಆಟೊಮ್ಯಾಟಿಕ್ ಕೊಳ್ಳಲಿ. ಸಿಯಾಜ್ ಎಂಜಿನ್ನಿಗೆ ಟರ್ಬೊ ಇಲ್ಲ. ಕಾಲು ಎಷ್ಟು ಒತ್ತಿದರೆ ಅಷ್ಟು, ಒತ್ತಿದ ಕ್ಷಣಕ್ಕೆ. ಎರಡನೇ ಗೇರ್‌ನಲ್ಲೇ ತಿರುವು ಮುಗಿಸಿ ಹತ್ತುತ್ತದೆ.

ಸಿಟಿಯ ಸಿವಿಟಿ, ಅಂದರೆ ಹಂತಗಳಿಲ್ಲದ ಆಟೊಮ್ಯಾಟಿಕ್ ಗೇರ್, ಪೇಟೆಯಲ್ಲಿ ಮೂರರಲ್ಲೂ ಮೇಲು. ಎಂ.ಜಿ. ರಸ್ತೆಯಲ್ಲಿ ಪ್ರವಾಸಿಗರ ವಾಹನಗಳು ಕಟ್ಟಿಕೊಂಡ ಭಾನುವಾರ ಅದರಷ್ಟು ಸುಖ ಇನ್ನೊಂದಿಲ್ಲ. ಏರಿನಲ್ಲಿ ಮಾತ್ರ ಎಂಜಿನ್ ಒಂದೇ ಎತ್ತರದ ದನಿ ಹಿಡಿದು ಕೂಗುತ್ತದೆ. ಚಾರ್ಮಾಡಿ ಇಳಿಯುವಾಗ ಸ್ಟೀರಿಂಗ್ ಹಿಂದಿನ ಪ್ಯಾಡಲ್ ಬಳಸಿ ಎಂಜಿನ್ ಹಿಡಿತ ಪಡೆಯಬಹುದು, ಆದರೆ ಎರಡನೇ ಗೇರ್‌ಗೆ ಹಾಕಿ ಬ್ರೇಕಿನಿಂದ ಕಾಲು ತೆಗೆದು ಇಳಿಯುವ ಅಭ್ಯಾಸ ನನ್ನದು. ಮಂಜು ಕವಿದಾಗ ಆ ಹಿಡಿತ ಕೈಗೇ ಗೊತ್ತಾಗುತ್ತದೆ. ಇಪ್ಪತ್ತು ವರ್ಷ ಮ್ಯಾನುವಲ್ ಓಡಿಸಿದವನ ಮಾತು ಇದು. ಹೊಸಬರಿಗೆ ಸಿವಿಟಿಯೇ ಹಿತವೆನಿಸಬಹುದು.

ಸುರಕ್ಷತೆಯಲ್ಲಿ ವರ್ಟಸ್ ಮುಂದೆ. ಕಾರುಗಳನ್ನು ಅಪ್ಪಳಿಸಿ ಸುರಕ್ಷತೆ ಅಳೆಯುವ ಗ್ಲೋಬಲ್ ಎನ್‌ಸಿಎಪಿಯ 2023ರ ಪರೀಕ್ಷೆಯಲ್ಲಿ ದೊಡ್ಡವರಿಗೂ ಮಕ್ಕಳಿಗೂ ಐದು ನಕ್ಷತ್ರ ಪಡೆದಿದೆ. ಸಿಯಾಜ್‌ನಲ್ಲಿ ಎರಡೇ ಏರ್‌ಬ್ಯಾಗ್. ಇದು ಸಣ್ಣ ಮಾತಲ್ಲ, ಕೊಳ್ಳುವ ಮುನ್ನ ನಾನೂ ಹೆಂಡತಿಯೂ ಹೆಚ್ಚು ಚರ್ಚಿಸಿದ್ದು ಇದನ್ನೇ. ಕಾರಿನ ವೇಗಕ್ಕೆ ನಾವೇ ಮಿತಿ ಹಾಕಿಕೊಂಡಿದ್ದೇವೆ, ಹಿಂದಿನವರೂ ಬೆಲ್ಟ್ ಹಾಕದೆ ಗಾಡಿ ಹೊರಡುವುದಿಲ್ಲ.

ನೆಲದಿಂದ ಎತ್ತರ ವರ್ಟಸ್‌ಗೆ 179 ಮಿ.ಮೀ., ಸಿಯಾಜ್‌ಗೆ 170, ಸಿಟಿಗೆ 165. ತೋಟದ ಗೇಟಿನ ಎದುರಿನ ಉಬ್ಬಿಗೆ ಎರಡೂ ಬದಿ ಜಲ್ಲಿ ಹಾಕಿಸಿ ಇಳಿಜಾರು ಮಾಡಿಸಿದೆ, ತೊಂದರೆ ತಪ್ಪಿತು. ಸಿಯಾಜ್‌ನ ಹಿಂದಿನ ಸೀಟು ಮಡಚುವುದಿಲ್ಲ. ಏಣಿ, ದೋಟಿ ಒಯ್ಯಲು ಜೀಪು ಬೇಕೇ ಬೇಕು.

ಹಣದ ಮಾತು. ಕರ್ನಾಟಕದಲ್ಲಿ ಹತ್ತು ಲಕ್ಷ ದಾಟಿ ಇಪ್ಪತ್ತು ಲಕ್ಷದೊಳಗಿರುವ ಹೊಸ ಕಾರಿಗೆ ಶೇ 17 ಜೀವಾವಧಿ ತೆರಿಗೆ, ಅದರ ಮೇಲೆ ಸೆಸ್. ಆರಿಸಿದ ಮಾದರಿಯ ಸಿಟಿಯೋ ವರ್ಟಸ್ಸೋ ಮನೆಗೆ ಬರುವ ಹೊತ್ತಿಗೆ ನನ್ನ ಲೆಕ್ಕ ಮೀರಿ ಬೆಳೆದಿತ್ತು. ಕಾಫಿಗೆ ಈಗ ಬೆಲೆ ಇದೆ ನಿಜ, ಆದರೆ ಬೆಲೆ ಬಿದ್ದ ವರ್ಷಗಳನ್ನೂ ಕಂಡಿರುವ ನಾನು ತೋಟದ ದುಡ್ಡು ನಂಬಿ ಸಾಲದ ಕಂತು ಕಟ್ಟಿಕೊಳ್ಳುವುದಿಲ್ಲ. ಸಿಯಾಜ್ ಒಂಬತ್ತು ಲಕ್ಷದೊಳಗೆ, ಸಾಲವಿಲ್ಲದೆ ಬಂತು. ಬಿಡಿಭಾಗದ ಚಿಂತೆಯೂ ಇಲ್ಲ: ಇದೇ 1.5 ಪೆಟ್ರೋಲ್ ಎಂಜಿನ್ (ಹೆಸರು ಕೆ15ಬಿ) ಹಿಂದಿನ ಎರ್ಟಿಗಾ, ಬ್ರೆಜಾಗಳಲ್ಲಿ ಓಡಿದೆ, ಮೂಡಿಗೆರೆಯ ಮೆಕ್ಯಾನಿಕ್‌ಗೂ ಅದು ಕೈಗೆ ಪಳಗಿದ ಎಂಜಿನ್.

ಸೆಕೆಂಡ್ ಹ್ಯಾಂಡ್ ಸಿಯಾಜ್ ಹುಡುಕುವವರು 2023ರ ಫೆಬ್ರುವರಿ ನಂತರದ್ದನ್ನೇ ಕೇಳಿ. ಆಗಿನಿಂದ ಎಲ್ಲ ಮಾದರಿಗಳಲ್ಲೂ ಇಎಸ್‌ಪಿ (ತಿರುವಿನಲ್ಲಿ ಗಾಡಿ ಹಿಡಿತ ತಪ್ಪದಂತೆ ತಡೆಯುವ ವ್ಯವಸ್ಥೆ) ಮತ್ತು ಹಿಲ್ ಹೋಲ್ಡ್ ಬಂದಿವೆ. ಏರಿನಲ್ಲಿ ನಿಲ್ಲಿಸಿ ಹೊರಡುವಾಗ ಗಾಡಿ ಹಿಂದಕ್ಕೆ ಜಾರುವುದಿಲ್ಲ. ಹಳೆಯದು ಅಗ್ಗಕ್ಕೆ ಸಿಕ್ಕಿದರೂ ಘಟ್ಟದಲ್ಲಿರುವವರು ತೆಗೆದುಕೊಳ್ಳಬೇಡಿ. ಗಾಡಿಯನ್ನು ಲಿಫ್ಟ್ ಮೇಲೆ ಹತ್ತಿಸಿ ತಳ ನೋಡಿ, ತೋಟದ ರಸ್ತೆಯಲ್ಲಿ ಓಡಿದ್ದರೆ ಗೀರುಗಳು ಅಲ್ಲೇ ಕಾಣುತ್ತವೆ. ಟ್ರಯಲ್‌ಗೆ ಹೋಗುವಾಗ ಮನೆಯ ಎತ್ತರದ ಮಗುವನ್ನು ಜೊತೆಗೆ ಕರೆದುಕೊಂಡು ಹೋಗಿ, ಹಿಂದೆ ನಡುವೆ ಕೂರಿಸಿ, ಕಡೂರು ದಾಟುವವರೆಗಾದರೂ ಓಡಿಸಿ.