ಜೇನಿನ ನೀರು ನೋಡುವ ರಿಫ್ರ್ಯಾಕ್ಟೋಮೀಟರ್: ಒಂದು ಸೀಸನ್ ಬಳಸಿದ ಮೇಲೆ

ಹೋದ ಮಳೆಗಾಲದಲ್ಲಿ ಬೆಂಗಳೂರಿನ ಚಿಕ್ಕಮ್ಮನಿಗೆ ಕೊಟ್ಟ ಮೂರು ಕುಪ್ಪಿ ಜೇನಿನಲ್ಲಿ ಎರಡು ಹುಳಿ ಬಂತು. ಮುಚ್ಚಳ ತಿರುಗಿಸಿದ ಕೂಡಲೇ ನೊರೆ ಉಕ್ಕಿ ಅಡಿಗೆಮನೆ ಕಟ್ಟೆಯಲ್ಲೆಲ್ಲ ಹರಿಯಿತಂತೆ. "ಪಾಕ ಕಾಸಿ ಕೊಟ್ಟೆಯಾ ಮಾರಾಯಾ?" ಅಂತ ಫೋನಿನಲ್ಲಿ ಕೇಳಿದರು. ಪಾಕ ಅಲ್ಲ, ಸುಳ್ಯದ ನಮ್ಮ ತೋಟದ್ದೇ ತುಡುವೆ (ಪೆಟ್ಟಿಗೆಯಲ್ಲಿ ಸಾಕುವ ನಾಡನೊಣ) ಜೇನು. ನೊಣಗಳು ಇನ್ನೂ ಮೇಣದ ಮುಚ್ಚಳ ಕಟ್ಟದ, ನೀರು ಆರದ ಎರಿಯನ್ನೂ ಆಸೆಬಿದ್ದು ತೆಗೆದದ್ದು ನನ್ನ ತಪ್ಪು. ನೀರು ಹೆಚ್ಚಾದರೆ ಜೇನು ಹುಳಿಯುತ್ತದೆ. ಆ ನಾಚಿಕೆಯಲ್ಲಿ ತರಿಸಿದ್ದು ಈ ರಿಫ್ರ್ಯಾಕ್ಟೋಮೀಟರ್. ಆನ್‌ಲೈನಿನಲ್ಲಿ 1,850 ರೂಪಾಯಿ.

ಗೇಣುದ್ದದ ಕೊಳವೆ. ಒಂದು ತುದಿಯಲ್ಲಿ ಗಾಜು, ಅದರ ಮೇಲೆ ಒಂದು ಹನಿ ಜೇನು ಸವರಿ ಮುಚ್ಚಿ ಬೆಳಕಿಗೆ ಹಿಡಿದರೆ ಮೇಲೆ ನೀಲಿ, ಕೆಳಗೆ ಬಿಳಿ. ಎರಡೂ ಸೇರುವ ಗೀಟು ಎಲ್ಲಿ ನಿಲ್ಲುತ್ತದೋ ಅಷ್ಟು ಶೇಕಡಾ ನೀರು. ಪಕ್ಕದಲ್ಲೇ ಇರುವ ಬ್ರಿಕ್ಸ್ ಅಳತೆ (ಸಕ್ಕರೆಯ ಶೇಕಡಾ) 58ರಿಂದ ಶುರುವಾಗುವ ಕಾರಣ ಸಾದಾ ನೀರು ಹಾಕಿ ಸೊನ್ನೆಗೆ ತರಲಿಕ್ಕೆ ಆಗುವುದಿಲ್ಲ. ಅದಕ್ಕೆಂದೇ ಒಂದು ಎಣ್ಣೆ ಕೊಡುತ್ತಾರೆ. ನನಗೆ ಬಂದ ಪೊಟ್ಟಣದಲ್ಲಿ ಅದು ಪೂರ್ತಿ ಸೋರಿ ಡಬ್ಬಿಯ ಸ್ಪಂಜು ಕುಡಿದಿತ್ತು. ಮಾರಿದವರು ಇವತ್ತಿನವರೆಗೆ ಉತ್ತರ ಕೊಟ್ಟಿಲ್ಲ. ಕೊನೆಗೆ ಒಳ್ಳೆಯ ಆಲಿವ್ ಎಣ್ಣೆ ಹಾಕಿ, ಗೀಟನ್ನು ಬ್ರಿಕ್ಸ್ 71-72ರ ನಡುವೆ ತಂದು ಸ್ಕ್ರೂ ಬಿಗಿ ಮಾಡಿದೆ. ಜೇನು ಸಾಕುವವರು ಸಾಮಾನ್ಯವಾಗಿ ಮಾಡುವ ಉಪಾಯವೇ ಇದು.

ಮೊದಲು ನೋಡಿದ್ದು ನಮ್ಮ ರಬ್ಬರ್ ಜೇನು. ರಬ್ಬರಿನ ಮಕರಂದ ಹೂವಿನದ್ದಲ್ಲ, ಹೊಸ ಚಿಗುರು ಬರುವಾಗ ಎಲೆಯ ತೊಟ್ಟಿನ ಹತ್ತಿರ ಒಸರುವಂಥದ್ದು. ಮುಚ್ಚಳ ಕಟ್ಟಿದ ಎರಿಯದ್ದು 21 ತೋರಿಸಿತು, ಅದೇ ಪೆಟ್ಟಿಗೆಯ ಅರೆಬರೆ ಎರಿಯದ್ದು 24. ಚಿಕ್ಕಮ್ಮನ ಕಟ್ಟೆಯ ನೊರೆಗೆ ಕಾರಣ ಸಿಕ್ಕಿತು. ಆಹಾರ ಸುರಕ್ಷತೆ ನೋಡುವ ಕೇಂದ್ರದ ಸಂಸ್ಥೆ ಎಫ್‌ಎಸ್‌ಎಸ್‌ಎಐ ಹೇಳುವ ಮಿತಿ 20. ಕೃಷಿ ಉತ್ಪನ್ನಗಳ ಸರಕಾರಿ ಗುಣಮುದ್ರೆ ಅಗ್‌ಮಾರ್ಕ್‌ನ ಸಾಧಾರಣ ದರ್ಜೆ 25ರವರೆಗೆ ಹೋಗುತ್ತದೆ. ನಮ್ಮ ಕರಾವಳಿಯ ತೇವದಲ್ಲಿ ತುಡುವೆ ಜೇನನ್ನು 20ರ ಒಳಗೆ ತರುವುದು ಎಷ್ಟು ಕಷ್ಟ ಅಂತ ಪೆಟ್ಟಿಗೆ ಇಟ್ಟವರಿಗೇ ಗೊತ್ತು.

ಆಮೇಲೆ ಹುಚ್ಚು ಹಿಡಿಯಿತು. ಯಾರು ಯಾವ ಊರಿಗೆ ಹೋದರೂ ಒಂದು ಕುಪ್ಪಿ ತನ್ನಿ ಅಂದೆ. ಬಿಳಿಗಿರಿರಂಗನ ಬೆಟ್ಟದ ಕಡೆಯ ಹೆಜ್ಜೇನು ಕಪ್ಪು, ಖಾರ, ಕೊನೆಯಲ್ಲಿ ಸಣ್ಣ ಕಹಿ. ನೀರು 23. ರಾಜಸ್ಥಾನದ ಭರತ್‌ಪುರದ ಸಾಸಿವೆ ಜೇನು ತುಪ್ಪದ ಹಾಗೆ ಗಟ್ಟಿ, ಚಮಚ ನೆಟ್ಟಗೆ ನಿಲ್ಲುತ್ತಿತ್ತು. ನಮ್ಮ ಪಕ್ಕದ ಮನೆಯವರು ನೋಡಿದ್ದೇ "ಇದು ಸಕ್ಕರೆ" ಅಂದುಬಿಟ್ಟರು. ಹರಳುಗಟ್ಟಿದ ಜೇನಿಗೆ ಮೀಟರಿನಲ್ಲಿ ಗೀಟೇ ಕೂರುವುದಿಲ್ಲ, ಮಂಜು ಮಂಜು. ಬಿಸಿನೀರಿನಲ್ಲಿ ಕುಪ್ಪಿ ಇಟ್ಟು ಕರಗಿಸಿ, ಆರಿಸಿ ನೋಡಿದರೆ 18. ಎಲ್ಲದಕ್ಕಿಂತ ಒಣಗಿದ್ದು ಅದೇ. ಸಾಸಿವೆ ಜೇನಿನಲ್ಲಿ ಗ್ಲೂಕೋಸ್ ಹೆಚ್ಚು, ಗ್ಲೂಕೋಸಿಗೆ ಕರಗಿಕೊಂಡು ಇರುವುದು ಕಷ್ಟ, ಬೇಗ ಹರಳಾಗುತ್ತದೆ. ಕಾಶ್ಮೀರದ ಅಕೇಶಿಯಾ ಜೇನು ತದ್ವಿರುದ್ಧ. ಫ್ರಕ್ಟೋಸ್ ಜಾಸ್ತಿ ಇರುವ ಕಾರಣ ವರ್ಷವಾದರೂ ತಿಳಿಯಾಗಿ ಹರಿಯುತ್ತದೆ. ಅದನ್ನು "ನೀರು ಬೆರೆಸಿದ್ದು" ಅಂದವರೂ ಇದ್ದಾರೆ. ಮೀಟರು 18 ಚಿಲ್ಲರೆ ಅಂದಿತು.

ಈಗ ಮುಖ್ಯ ವಿಷಯ. ಖರೀದಿಗೆ ಮುಂಚೆ ಓದಿದ ವಿಮರ್ಶೆಗಳಲ್ಲಿ ಅರ್ಧಕ್ಕರ್ಧ ಜನ "ಅಸಲಿ ಜೇನು ಕಂಡುಹಿಡಿಯಲು ಒಳ್ಳೆಯದು" ಅಂತ ಐದು ನಕ್ಷತ್ರ ಕೊಟ್ಟಿದ್ದಾರೆ. ನಾನು ಒಂದು ಆದಿತ್ಯವಾರ ಸಕ್ಕರೆ ಪಾಕ ಕಾಸಿ, ಒಂದೆಳೆ ದಾಟಿಸಿ, ಆರಿಸಿ ಗಾಜಿಗೆ ಹಾಕಿದೆ. 19! ನಮ್ಮ ರಬ್ಬರ್ ಜೇನಿಗಿಂತ ಒಳ್ಳೆಯ ಅಂಕ. ಈ ಕೊಳವೆಗೆ ಜೇನೂ ಒಂದೇ, ಪಾಕವೂ ಒಂದೇ, ಬೆಳಕು ಎಷ್ಟು ಬಾಗಿತು ಅಂತ ಮಾತ್ರ ಅದಕ್ಕೆ ಲೆಕ್ಕ. 2020ರಲ್ಲಿ ದೆಹಲಿಯ ಪರಿಸರ ಸಂಸ್ಥೆ ಸಿಎಸ್‌ಇ 13 ಬ್ರಾಂಡ್ ಜೇನು ಪರೀಕ್ಷೆ ಮಾಡಿಸಿದಾಗ 10 ಬ್ರಾಂಡ್ ಎನ್‌ಎಂಆರ್ (ಜೇನಿನೊಳಗಿನ ಅಣುಗಳನ್ನು ಗುರುತಿಸುವ ಲ್ಯಾಬಿನ) ಪರೀಕ್ಷೆಯಲ್ಲಿ ಫೇಲಾದದ್ದು ನೆನಪಿರಬಹುದು. ಕಲಬೆರಕೆ ಹಿಡಿಯಲಿಕ್ಕೆ ಅಂಥ ಯಂತ್ರ ಬೇಕು. ಅಸಲಿಯೋ ನೋಡಲಿಕ್ಕೆ ನೀರಿನ ಲೋಟಕ್ಕೆ ಬಿಡುವುದು, ಬತ್ತಿಗೆ ಸವರಿ ಉರಿಸುವುದು ಇಂಥ ಮನೆ ಪರೀಕ್ಷೆಗಳನ್ನಂತೂ ಮರೆತುಬಿಡಿ.

ಹಾಗಾದರೆ ಯಾರಿಗೆ? ಪೆಟ್ಟಿಗೆ ಇಟ್ಟವರಿಗೆ. ತೆಗೆಯಬಹುದೋ, ಇನ್ನೊಂದು ವಾರ ಕಾಯಬೇಕೋ ಅಂತ ನಿರ್ಧರಿಸಲಿಕ್ಕೆ ಇದಕ್ಕಿಂತ ಸುಲಭದ್ದು ಇಲ್ಲ. ಈ ವರ್ಷ ನನ್ನ ಒಂದು ಕುಪ್ಪಿಯೂ ಹುಳಿ ಬರಲಿಲ್ಲ. ಅಂಗಡಿಯಿಂದ ತಂದು ತಿನ್ನುವವರಿಗೆ ದುಡ್ಡು ದಂಡ. ಜತೆಗೆ ಬರುವ ಸ್ಕ್ರೂಡ್ರೈವರ್ ಬೆಂಕಿಕಡ್ಡಿಯಷ್ಟು ಸಣ್ಣದು, ನನ್ನದು ಎರಡನೇ ವಾರವೇ ಅಡಿಕೆ ಅಂಗಳದಲ್ಲಿ ಬಿದ್ದುಹೋಯಿತು. ನನ್ನ ಲೆಕ್ಕದಲ್ಲಿ ಐದಕ್ಕೆ ಮೂರೂವರೆ.

ಗೋಡೆಯ ಸಂದಿಯಲ್ಲಿರುವ ಮುಜಂಟಿಯ (ಚುಚ್ಚದ ಪುಟ್ಟ ಜೇನುನೊಣ) ಜೇನನ್ನೂ ಒಂದು ಹನಿ ಹಾಕಿ ನೋಡಿದೆ. ಗೀಟೇ ಇಲ್ಲ, ಇಡೀ ವೃತ್ತ ನೀಲಿ. 27ಕ್ಕಿಂತ ಹೆಚ್ಚು ನೀರಿದ್ದರೆ ಈ ಮೀಟರಿನ ಅಳತೆ ಮುಗಿಯಿತು. ಒರೆಸಲಿಕ್ಕೆ ಬಟ್ಟೆ ಹುಡುಕುವಷ್ಟರಲ್ಲಿ ಅಮ್ಮ ಬಂದು, "ಇರುವುದೇ ಅರ್ಧ ಚಮಚ, ಅದನ್ನೂ ಗಾಜಿಗೆ ತಿನ್ನಿಸಿದೆಯಾ?" ಅಂತ ಆ ಹನಿಯನ್ನು ಬೆರಳಿನಲ್ಲಿ ಬಳಿದು ಬಾಯಿಗೆ ಹಾಕಿಕೊಂಡರು.