ಆಫ್ರಿಕಾಗೆ ಬೈಕ್ ಕಳಿಸೋ ಮುಂಚೆ ದಯವಿಟ್ಟು ಇದನ್ನು ಓದಿ

ಇನ್ನೂ ಮೈ ಉರಿಯುತ್ತಿದೆ. ಅದಕ್ಕೇ ಈಗಲೇ ಬರೆಯುತ್ತಿದ್ದೇನೆ. ನಾಚಿಕೆಯೂ ಇದೆ, ಇರಲಿ.

ಕೀನ್ಯಾದ ಬಂದರು ಮೊಂಬಾಸಾದಿಂದ ಕೇಪ್‌ಟೌನ್‌ವರೆಗೆ ಒಬ್ಬನೇ, ನನ್ನದೇ ಹಿಮಾಲಯನ್ ಬೈಕ್ ಮೇಲೆ ಹೋಗೋದು ಮೂರು ವರ್ಷದ ಆಸೆ. ಸುಮ್ನೆ ಹೊರಟವನಲ್ಲ ನಾನು. ಬ್ಯಾಂಕ್ ಗ್ಯಾರಂಟಿ ಇಟ್ಟು ಕಾರ್ನೆ, ಅಂದರೆ ಸುಂಕ ಕಟ್ಟದೆ ಗಾಡಿಯನ್ನು ಗಡಿ ದಾಟಿಸೋ ಕಸ್ಟಮ್ಸ್ ಪುಸ್ತಕ, ಮಾಡಿಸಿದ್ದೆ. ಬೋಟ್ಸ್ವಾನಾ, ನಮೀಬಿಯಾ, ದಕ್ಷಿಣ ಆಫ್ರಿಕಾ ಕಸ್ಟಮ್ಸ್ ಲೆಕ್ಕಕ್ಕೆ ಒಂದೇ ಮನೆ ಇದ್ದ ಹಾಗೆ ಅಂತ ತಿಳಿದುಕೊಂಡು, ಕಾರ್ನೆಯ ಎಷ್ಟು ಹಾಳೆ ಬೇಕು ಅನ್ನೋದನ್ನೂ ಎಣಿಸಿದ್ದೆ. ಆರ್‌ಟಿಓದಲ್ಲಿ ಐಡಿಪಿ, ಅಂದರೆ ಹೊರದೇಶದಲ್ಲಿ ಗಾಡಿ ಓಡಿಸೋ ಪರ್ಮಿಟ್, ತಗೊಂಡಿದ್ದೆ. ಹಳದಿ ಜ್ವರದ ಲಸಿಕೆ ಹಾಕಿಸಿಕೊಂಡಿದ್ದೆ, ಆ ಕಾರ್ಡ್ ಇಲ್ಲದಿದ್ದರೆ ವಾಪಸ್ ಬಂದಾಗ ನಮ್ಮ ಏರ್‌ಪೋರ್ಟಲ್ಲೇ ತೊಂದರೆ ಆಗಬಹುದು. ಇಷ್ಟೆಲ್ಲಾ ಮಾಡಿದವನು ಒಂದು ಹಾಳೆ ಓದಲಿಲ್ಲ.

ಶಿಪ್ಪಿಂಗ್ ಏಜೆಂಟ್ ಬೆಂಗಳೂರಲ್ಲಿರೋದು, ಊರು ನಮ್ಮ ಹಾಸನದ ಕಡೆ. ಅಲ್ಲೇ ನಾನು ಬಿದ್ದಿದ್ದು. "ಅಣ್ಣಾ, ನೀವು ನಮ್ಮೂರೋರು. ನಿಮ್ಮತ್ರ ಲಾಭ ತಿಂದ್ರೆ ದೇವ್ರು ಮೆಚ್ತಾನಾ?" ಅಂದ. ಪೆಟ್ಟಿಗೆ ಕಟ್ಟೋದು, ಮುಂಬೈ ಹತ್ತಿರದ ನ್ಹಾವಾ ಶೇವಾ ಬಂದರಿನ ಕಸ್ಟಮ್ಸ್, ಹಡಗು ಎಲ್ಲಾ ಸೇರಿ 72,000 ರೂಪಾಯಿ. ಮೊಂಬಾಸಾದಲ್ಲಿ ಬಿಡಿಸಿಕೊಳ್ಳೋ ಖರ್ಚೂ ಸೇರಿದೆಯಾ ಅಂತ ನಾನೇ ಕೇಳಿದೆ. ಕೇಳಿದೆ ನಾನು! ವಾಯ್ಸ್ ಮೆಸೇಜ್ ಈಗಲೂ ಇದೆ: "ಆಲ್ ಇನ್ ಅಣ್ಣಾ. ನೀವು ಹೋಗಿ ಕೀ ತಿರುಗಿಸೋದೊಂದೇ ಕೆಲಸ."

ಮೊಂಬಾಸಾದಲ್ಲಿ ಅವನ "ಪಾರ್ಟ್ನರ್" ಆಫೀಸ್. ಮೇಜಿನ ಆಚೆ ಕೂತಿದ್ದ ಹೆಂಗಸು ಬಿಲ್ ಆಫ್ ಲೇಡಿಂಗನ್ನು, ಅಂದರೆ ಹಡಗಿನ ಸಾಮಾನಿನ ರಸೀದಿಯನ್ನು, ನನ್ನ ಕಡೆ ತಿರುಗಿಸಿ ಪೆನ್ನಿನ ತುದಿ ಇಟ್ಟು ತೋರಿಸಿದರು. ಕನ್‌ಸೈನಿ ಅನ್ನೋ ಜಾಗದಲ್ಲಿ, ಅಂದರೆ ಸಾಮಾನು ಯಾರಿಗೆ ಸೇರಬೇಕು ಅನ್ನೋ ಕಡೆ, ನನ್ನ ಹೆಸರಿಲ್ಲ. ಅವರ ಕಂಪನಿ ಹೆಸರಿದೆ. ನನ್ನ ಗಾಡಿ ಕೆಳಗೆಲ್ಲೋ "ಹಳೆ ಮೋಟಾರ್‌ಸೈಕಲ್, ಒಂದು" ಅಂತಿದೆ ಅಷ್ಟೇ. "ಕಾಗದದ ಪ್ರಕಾರ ಈ ಪೆಟ್ಟಿಗೆ ನಮ್ಮ ಹೆಸರಿಗೆ ಬಂದಿದೆ" ಅಂದರು, ತುಂಬಾ ಮರ್ಯಾದೆಯಿಂದಲೇ. ಆಮೇಲೆ ಬಿಲ್ ಇಟ್ಟರು. ಡೆಲಿವರಿ ಆರ್ಡರ್‌ಗೆ ಇಷ್ಟು, ಕಂಟೇನರ್‌ನಿಂದ ಇಳಿಸಿದ್ದಕ್ಕೆ ಇಷ್ಟು, ಬಂದರಿಗೆ ಇಷ್ಟು, ದಾಖಲೆಗೆ ಇಷ್ಟು, ಏಜೆನ್ಸಿಗೆ ಇಷ್ಟು. ಒಟ್ಟು 1,150 ಡಾಲರ್. ನಮ್ಮ ದುಡ್ಡಲ್ಲಿ ಲಕ್ಷದ ಹತ್ತಿರ. ಹಡಗಿನ ಖರ್ಚಿಗಿಂತ ಜಾಸ್ತಿ! ಜೊತೆಗೆ ಗೋಡೌನ್ ಬಾಡಿಗೆಯ ಮೀಟರ್ ದಿನಾ ಓಡುತ್ತಿದೆ.

ನಾನು ಸಹಕಾರಿ ಬ್ಯಾಂಕಲ್ಲಿ 14 ವರ್ಷದಿಂದ ಸಾಲದ ಕಾಗದ ನೋಡುವವನು. ಇನಿಷಿಯಲ್ ತಪ್ಪಿದ್ದರೆ ರೈತರನ್ನು ವಾಪಸ್ ಕಳಿಸಿದ್ದೇನೆ. ಆ ಕುರ್ಚಿಯಲ್ಲಿ ಕೂತಾಗ ಅವರೆಲ್ಲಾ ನೆನಪಾದರು.

ಬೆಂಗಳೂರಿನ ಏಜೆಂಟ್‌ಗೆ ಫೋನ್ ಮಾಡಿದರೆ ಎತ್ತಲಿಲ್ಲ. "ಅಣ್ಣಾ ಮೀಟಿಂಗಲ್ಲಿದೀನಿ." ಮೂರು ಗಂಟೆ ಮೀಟಿಂಗ್. ಆಮೇಲೆ, "ಅದು ಡೆಸ್ಟಿನೇಶನ್ ಚಾರ್ಜ್ ಅಣ್ಣಾ, ನಮ್ ಕೈಯಲ್ಲಿಲ್ಲ." ಅವನ ವಾಯ್ಸ್ ಮೆಸೇಜನ್ನೇ ಅವನಿಗೆ ಕಳಿಸಿದೆ. "ಆಲ್ ಇನ್ ಅಂದ್ರೆ ಪೋರ್ಟ್‌ವರೆಗೆ ಆಲ್ ಇನ್." ಕೀ ತಿರುಗಿಸೋದೊಂದೇ ಅಂದಿದ್ದೆಯಲ್ಲಪ್ಪಾ ಅಂದೆ. "ಕೊಟೇಶನ್ ಮೂರನೇ ಪೇಜ್ ನೋಡಿ ಸಾರ್."

ನೋಡಿದೆ. ಇರುವೆ ಸಾಲಿನಂಥ ಅಕ್ಷರದಲ್ಲಿದೆ, ಅಲ್ಲಿನ ಖರ್ಚು ಎಷ್ಟಾದರೂ ಗಿರಾಕಿಯೇ ಕೊಡಬೇಕು ಅಂತ. ಕೆಳಗೆ ನನ್ನದೇ ಸಹಿ. ಗಮನಿಸಿದಿರಾ, ಅಷ್ಟೊತ್ತಿಗೆ ಅಣ್ಣ ಹೋಗಿ ಸಾರ್ ಬಂದಿತ್ತು. ಕೊನೆಯದು ಇದು: "ಸಾರ್, ನೀವು ಬ್ಯಾಂಕಲ್ಲಿರೋರು, ಓದಿ ಸೈನ್ ಮಾಡ್ಬೇಕಿತ್ತು." ಇದಕ್ಕೆ ನನ್ನ ಹತ್ತಿರ ಇವತ್ತಿಗೂ ಉತ್ತರವಿಲ್ಲ.

ದುಡ್ಡು ಕಟ್ಟಿದೆ. ಬೇರೆ ದಾರಿ ಎಲ್ಲಿತ್ತು? ಅಲ್ಲಿಗೂ ಮುಗಿಯಲಿಲ್ಲ. ಹಡಗಲ್ಲಿ ಕಂಟೇನರ್ ಹಂಚಿಕೊಂಡು ಕಳಿಸಿದರೆ ಲೆಕ್ಕ ತೂಕಕ್ಕಿಂತ ಪೆಟ್ಟಿಗೆಯ ಅಳತೆ ಮೇಲೆ, ಗೊತ್ತಲ್ಲ. ಮುಂದಿನ ಚಕ್ರ, ಹ್ಯಾಂಡಲ್ ಬಿಚ್ಚಿ 2.1 ಘನ ಮೀಟರಿಗೆ ಇಳಿಸ್ತೀನಿ ಅಂದಿದ್ದ. ಮೊಂಬಾಸಾದ ಬಿಲ್ಲಲ್ಲಿ 3.6. ಗೋಡೌನಲ್ಲಿ ಹಲಗೆ ಕಿತ್ತಾಗ ನೋಡುತ್ತೇನೆ, ಚಕ್ರ ಹಾಗೇ ಇದೆ, ಹ್ಯಾಂಡಲ್ ಹಾಗೇ ಇದೆ. ಕನ್ನಡಿ ಕೂಡ ಬಿಚ್ಚಿಲ್ಲ! ನಮ್ಮ ಮನೆ ಮುಂದೆ ನಿಂತಿದ್ದ ಹಾಗೇ ನಿಂತಿತ್ತು ಪಾಪ. ಒಂದೂವರೆ ಘನ ಮೀಟರ್ ಗಾಳಿಗೆ ಬಾಡಿಗೆ ಕೊಟ್ಟಿದ್ದೇನೆ ನಾನು.

ನೀವು ಕಳಿಸೋದಾದರೆ ಹಡಗು ಹೊರಡೋ ಮುಂಚೆ ಬಿಲ್ ಆಫ್ ಲೇಡಿಂಗ್ ಡ್ರಾಫ್ಟ್ ತರಿಸಿಕೊಳ್ಳಿ. ಕನ್‌ಸೈನಿ ಜಾಗದಲ್ಲಿ ಪಾಸ್‌ಪೋರ್ಟಲ್ಲಿರೋ ನಿಮ್ಮ ಹೆಸರೇ ಇರಬೇಕು. ಆ ಕಡೆಯ ಖರ್ಚನ್ನು ಅಲ್ಲಿನ ಆಫೀಸಿನಿಂದಲೇ, ಒಂದೊಂದು ಬಾಬ್ತು ಬಿಡಿಸಿ, ಇಮೇಲಲ್ಲಿ ಬರೆಸಿಕೊಳ್ಳಿ. ಪೆಟ್ಟಿಗೆ ಕಟ್ಟುವಾಗ ಅಳತೆ ಟೇಪ್ ಹಿಡಿದು ಪಕ್ಕದಲ್ಲೇ ನಿಂತಿರಿ. ಕಾರ್ನೆಯಲ್ಲಿ ನಿಮ್ಮ ಹತ್ತಿರ ಉಳಿಯೋ ತುಂಡಿಗೆ ಕಸ್ಟಮ್ಸ್ ಮೊಹರು ಬಿತ್ತಾ ಅಂತ ನೀವೇ ಕಣ್ಣಾರೆ ನೋಡಿ, ಇಲ್ಲದಿದ್ದರೆ ಆಮೇಲೆ ಗ್ಯಾರಂಟಿ ದುಡ್ಡು ಸಿಕ್ಕಿಹಾಕಿಕೊಳ್ಳುತ್ತೆ. ಮತ್ತೆ, ನಮ್ಮೂರೋನು ಅಂದರೆ ಎರಡು ಸಲ ಓದಿ.

ಒಂಬತ್ತು ದಿನ ಹಾಳಾಯಿತು. ಈಗ ಕೀನ್ಯಾದಲ್ಲೇ ವೋಯಿ ಅನ್ನೋ ಊರಲ್ಲಿದ್ದೇನೆ. ಕೇಪ್‌ಟೌನ್‌ಗೆ ದುಡ್ಡು ಸಾಲುತ್ತೋ ಇಲ್ಲವೋ. ಮನೆಯಲ್ಲಿ ಇವಳಿಗೆ ಇನ್ನೂ 72,000ದ ಲೆಕ್ಕವೇ ಗೊತ್ತಿರೋದು. ನಿನ್ನೆ ರಾತ್ರಿ ಅವನ ಮೆಸೇಜ್ ಬಂತು: "ಅಣ್ಣಾ, ವಾಪಸ್ ಕಳ್ಸೋಕೆ ಒಳ್ಳೆ ರೇಟ್ ಇದೆ." ಮತ್ತೆ ಅಣ್ಣ ಆಗಿದ್ದೇನೆ. ಉತ್ತರ ಕೊಟ್ಟಿಲ್ಲ, ಅಳಿಸಿಯೂ ಇಲ್ಲ. ವಾಯ್ಸ್ ಮೆಸೇಜ್ ಜೊತೆ ಇದನ್ನೂ ಇಟ್ಟುಕೊಂಡಿದ್ದೇನೆ, ಊರಿಗೆ ಬಂದ ಮೇಲೆ ಗ್ರಾಹಕರ ಆಯೋಗಕ್ಕೆ ಬೇಕಾಗುತ್ತೆ.