ಎಲ್ಲಾ ವಯಸ್ಸಿನವರಿಗೂ ಅಂತ ಬರ್ದಿರೋ ಮ್ಯಾಜಿಕ್ ಡಬ್ಬಿ, ಶೋ ಮಾಡಿ ನೋಡಿದ್ಮೇಲೆ
ಮೂರು ವಾರ ಕನ್ನಡಿ ಮುಂದೆ ಪ್ರಾಕ್ಟೀಸ್ ಮಾಡಿ, ಮನೆಮಂದಿಯೆಲ್ಲ ಸೇರಿದ ದಿನ ಅರ್ಧ ಗಂಟೆ ಶೋ ಮಾಡಿ ಮುಗಿಸ್ದೆ. ಮಾನ ಉಳೀತು, ಅಷ್ಟೇ. ನೋಡೋಕೆ ಕೂತಿದ್ದೋರು ಮೂರು ವರ್ಷದ ಪುಟಾಣಿಯಿಂದ ಹಿಡ್ದು ಎಂಬತ್ತು ದಾಟಿದ ಅಜ್ಜಿ ತನಕ, ಮಧ್ಯದಲ್ಲಿ ಫೋನಿಂದ ತಲೆನೇ ಎತ್ತದ ಇಬ್ರು ಟೀನೇಜರ್ಸು. ಡಬ್ಬಿ ಮುಚ್ಚಳದ ಮೇಲೆ ದಪ್ಪಕ್ಷರದಲ್ಲಿ "ಎಲ್ಲಾ ವಯಸ್ಸಿನವರಿಗೂ" ಅಂತಿದೆ. ನಾನು ಕೊಡೋದು 5ಕ್ಕೆ 3 ಸ್ಟಾರ್, ಉಳಿದ ಎರಡು ಕಟ್ ಆಗಿದ್ದು ಆ ಒಂದು ಸಾಲಿಗೇ.

ಒಳಗೆ ಏನೇನಿದೆ ಅಂದ್ರೆ ಮೂರು ಲೋಟ, ಸ್ಪಂಜ್ ಬಾಲು, ಒಂದು ಟ್ರಿಕ್ ಇಸ್ಪೀಟ್ ಕಟ್ಟು, ಮೂರು ಹಗ್ಗ, ಕಲರಿಂಗ್ ಪುಸ್ತಕ, ರೇಷ್ಮೆ ಕರವಸ್ತ್ರ, ಅದನ್ನ ಮಾಯ ಮಾಡೋಕೆ ಒಂದು ಪ್ಲಾಸ್ಟಿಕ್ ಐಟಂ, ಕೈಯಲ್ಲೇ ತುಂಡುತುಂಡಾಗಿ ಬೀಳೋ ಮಂತ್ರದಂಡ. ಕ್ವಾಲಿಟಿ ಬಗ್ಗೆ ದೊಡ್ಡ ಕಂಪ್ಲೇಂಟ್ ಇಲ್ಲ.

ಲೋಟದ ಕೆಳಗೆ ಇಟ್ಟ ಬಾಲ್ ಮಾಯ ಮಾಡೋ ಆಟದಿಂದ ಶುರು ಮಾಡ್ದೆ. ಇದು ಭಾಳ ಹಳೇದು, ಎರಡು ಸಾವಿರ ವರ್ಷದ ಹಿಂದಿನ ರೋಮಿನ ತತ್ವಜ್ಞಾನಿ ಸೆನೆಕಾ ಕೂಡ ಒಂದು ಕಾಗದದಲ್ಲಿ ಇದರ ಬಗ್ಗೆ ಬರ್ದಿದ್ದಾನೆ, ಮೋಸ ಹೋಗೋದೇ ಮಜಾ, ಹೇಗೆ ಅಂತ ಗೊತ್ತಾದ್ರೆ ಆಸಕ್ತಿ ಹೋಯ್ತು ಅನ್ನೋ ಅರ್ಥದಲ್ಲಿ. ದೊಡ್ಡೋರು ಚಪ್ಪಾಳೆ ತಟ್ಟಿದ್ರು, ಆ ಮೂರು ವರ್ಷದ್ದು ಮಾತ್ರ ಬಾಲ್ ಮಾಯ ಆದ್ರೂ ಕಣ್ಣು ಪಿಳುಕಿಸ್ಲಿಲ್ಲ, "ಇನ್ನೊಂದು ಕೊಡು" ಅಂತು. ತಪ್ಪು ಅದರದ್ದಲ್ಲ, ಸ್ವಿಚ್ ಒತ್ತಿದ್ರೆ ಲೈಟ್ ಬರೋದು, ಫೋನ್ ಒಳಗಿಂದ ಮಾವ ಮಾತಾಡೋದು ಎಲ್ಲಾ ಅದಕ್ಕೆ ಒಂದೇ, ಯಾವ್ದು ಆಗಬಾರದ್ದು ಅಂತ ಗೊತ್ತಿದ್ರೆ ತಾನೇ ಆಶ್ಚರ್ಯ ಆಗೋದು. ಅದೇ ಮಗು ಮಂತ್ರದಂಡ ನನ್ನ ಕೈಯಲ್ಲಿ ಪಟಪಟ ಮುರಿದು ಬಿದ್ದಾಗ ಉರುಳಾಡಿ ನಕ್ಕಿತು! ಚಿಕ್ಕೋರಿಗೆ ಬೇಕಾಗಿರೋದು ಮಾಯ ಅಲ್ಲ, ದೊಡ್ಡೋನೊಬ್ಬ ಪೇಚಿಗೆ ಸಿಕ್ಕೋದು. ಇದು ಗೊತ್ತಾದ್ಮೇಲೆ ಶೋ ಪೂರ್ತಿ ದಂಡಾನ ಪಕ್ಕದಲ್ಲೇ ಇಟ್ಕೊಂಡೆ, ಮಕ್ಕಳು ಮಿಸುಕಾಡಿದಾಗೆಲ್ಲ ಒಂದ್ಸಲ ಮುರಿಯೋದು.

ಆಮೇಲೆ ಕರವಸ್ತ್ರ ಮಾಯ. ಇಲ್ಲಿ ಎಡವಿದೆ. ಮಕ್ಕಳನ್ನ ಮುಂದೆ ನೆಲದ ಮೇಲೆ ಕೂರ್ಸಿದ್ದೆ, ದೊಡ್ಡೋರು ಹಿಂದೆ ಕುರ್ಚಿಲಿ. ಕನ್ನಡಿ ಮುಂದೆ ನಿಂತು ಕಲ್ತಿದ್ದು ಎದುರುಗಡೆ ಕಣ್ಣಿಗೆ ಸರಿ, ನೆಲದಿಂದ ಮೇಲಕ್ಕೆ ನೋಡೋ ಕಣ್ಣಿಗೆ ಅಂಗೈ ಒಳಗಡೆ ಎಲ್ಲಾ ಕಾಣ್ತದೆ. ಏಳು ವರ್ಷದವಳೊಬ್ಬಳು ಎದ್ದು ನಿಂತು, "ಮಾಮಾ ಬೆರಳು ಗುಲಾಬಿ ಬಣ್ಣ ಇದೆ" ಅಂದ್ಲು. ಕಿಟ್‌ನಲ್ಲಿ ಕೊಟ್ಟಿರೋ, ಬೆರಳಿಗೆ ಹಾಕ್ಕೊಳ್ಳೋ ಆ ಪ್ಲಾಸ್ಟಿಕ್ ಐಟಂ ನನ್ನ ಮೈಬಣ್ಣಕ್ಕೆ ಹತ್ತಿರಾನೂ ಇಲ್ಲ. ಕೈ ಆಡ್ತಾ ಇದ್ರೆ ಗೊತ್ತಾಗಲ್ವಂತೆ, ನಾನು ಜಂಬದಿಂದ ಹಿಡಿದು ನಿಂತಿದ್ದೆ. ಮಕ್ಕಳನ್ನ ಎರಡು ಹೆಜ್ಜೆ ಹಿಂದೆ ಸರಿಸಿದ್ರೆ, ಪಕ್ಕದಲ್ಲಿ ಯಾರೂ ಕೂರದ ಹಾಗೆ ನೋಡ್ಕೊಂಡಿದ್ರೆ ಅರ್ಧ ಪ್ರಾಬ್ಲಮ್ ಇರ್ತಿರ್ಲಿಲ್ಲ. ಕಿಟ್ ಜೊತೆ ಬಂದ ಪುಸ್ತಿಕೆಯಲ್ಲಿ ಇದರ ಬಗ್ಗೆ ಒಂದಕ್ಷರ ಇಲ್ಲ, ಬರೀ ಗುಟ್ಟು ಇದೆ, ಎಲ್ಲಿ ನಿಲ್ಬೇಕು, ಏನು ಮಾತಾಡ್ಬೇಕು, ಯಾವ್ದು ಮೊದಲು ಯಾವ್ದು ಕೊನೆ ಏನೂ ಇಲ್ಲ, ಅಕ್ಷರಾನೂ ಇರುವೆ ಸಾಲು.

ಇಸ್ಪೀಟಿನ ಕಥೆ ಕೇಳ್ಬೇಡಿ. ಐದು ವರ್ಷದವನ ಕೈಲಿ ಒಂದು ಎಲೆ ತೆಗೆಸಿ ಮನಸ್ಸಲ್ಲೇ ನೆನಪಿಟ್ಕೋ ಅಂದೆ, ಅವನು ಜೋರಾಗಿ "ಆರು! ಕಪ್ಪು!" ಅಂತ ಕೂಗ್ದ. ಎಲ್ರೂ ನಕ್ಕರು, ನಾನೂ ನಕ್ಕೆ, ಇನ್ನೇನ್ ಮಾಡ್ಲಿ. ಹಿಂದಿನ ಸಾಲಿನ ಅಜ್ಜಿಗೆ ಎಲೆನೇ ಕಾಣ್ಲಿಲ್ಲ. ಟೀನೇಜರ್ ಒಬ್ಬ ಮೊದಲ್ನೇ ಸಲ ಫೋನ್ ಕೆಳಗಿಟ್ಟು "ಕಟ್ಟು ಕೊಡಿ ಇಲ್ಲಿ" ಅಂದ, ಕೊಡೋ ಹಾಗಿಲ್ವಲ್ಲ ಅದನ್ನ! ತಕ್ಷಣ ಹಗ್ಗ ಎತ್ಕೊಂಡೆ, ಉದ್ದ, ಗಿಡ್ಡ, ಮಧ್ಯಮ ಮೂರು ಹಗ್ಗ ಒಂದೇ ಅಳತೆ ಆಗಿ ಮತ್ತೆ ಮೊದಲಿನ ಹಾಗೇ ಆಗೋದು. ಇದರಲ್ಲಿ ಹಗ್ಗಾನ ಮೊದಲೂ ಕೊಡಬಹುದು ಆಮೇಲೂ ಕೊಡಬಹುದು, ಅವನು ಎಳೆದು ಹಿಂಜಿ ನೋಡ್ದ, ಅಜ್ಜಿ ಇಸ್ಕೊಂಡು ಗಂಟು ಹುಡುಕಿದ್ರು, ಸಿಗ್ಲಿಲ್ಲ. ಒಂದೇ ಬೇಜಾರು, ಹಗ್ಗ ಬೂದು ಬಣ್ಣ, ನನ್ನ ಅಂಗೀನೂ ಬೂದು. ಕಂಪನಿಯವರು ಬಿಳಿ ಹಗ್ಗ ಕೊಟ್ಟಿದ್ರೆ ಅವರಪ್ಪನ ಗಂಟೇನು ಹೋಗ್ತಿತ್ತೋ.

ಕೊನೆಗೆ ಕಲರಿಂಗ್ ಪುಸ್ತಕ, ಕಿಟ್ಟಿನ ಪ್ರಾಣ ಅಂದ್ರೆ ಇದೇ. ಒಂದ್ಸಲ ತಿರುವಿದ್ರೆ ಬರೀ ಗೆರೆ, ಇನ್ನೊಂದ್ಸಲ ಪೂರ್ತಿ ಬಣ್ಣ, ಮತ್ತೊಂದ್ಸಲ ಖಾಲಿ ಹಾಳೆ. ಈ ಉಪಾಯಾನ 1584ರಲ್ಲೇ ಇಂಗ್ಲೆಂಡಲ್ಲಿ ಅಚ್ಚು ಹಾಕಿ ಬಯಲು ಮಾಡಿದ್ರು, ಆದ್ರೂ ಇವತ್ತಿಗೂ ಕೆಲಸ ಮಾಡ್ತದೆ. ಅಜ್ಜಿ ಶಾಲಿಂದ ಕೆಂಪು ತೆಗ್ದು ಎಸೀರಿ ಅಂದೆ, ಮಕ್ಕಳೆಲ್ಲ ಮುಗಿಬಿದ್ದು ಗಾಳೀಲಿ ಬಣ್ಣ ಬಾಚಿ ಎಸೆದ್ರು, ಅಜ್ಜೀನೂ ಎಸೆದ್ರು. ಪುಸ್ತಕ ತಿರುವಿದಾಗ ಬಂತಲ್ಲ ಒಂದು "ಓ", ಅದಕ್ಕೋಸ್ಕರ ಮೂರು ವಾರ ಒದ್ದಾಡಿದ್ದು ಸಾರ್ಥಕ.

ಈಗ ಸಿಟ್ಟಿನ ವಿಷಯ. ಒಂದು ಟ್ರಿಕ್‌ಗೆ ಕಡಲೆ ಗಾತ್ರದ ಎರಡು ಮ್ಯಾಗ್ನೆಟ್ ಇವೆ, ಬಿಡಿಬಿಡಿಯಾಗಿ ಒಂದು ತೆಳು ಕವರಲ್ಲಿ. ಮಕ್ಕಳು ಎರಡನ್ನೂ ನುಂಗಿದ್ರೆ ಹೊಟ್ಟೆಯೊಳಗೆ ಒಂದಕ್ಕೊಂದು ಎಳ್ಕೊಂಡು ಕರುಳನ್ನ ಮಧ್ಯೆ ಅಪ್ಪಚ್ಚಿ ಮಾಡಿ ತೂತು ಬೀಳಿಸಬಹುದು. ಇದನ್ನಿಟ್ಟು ಮೇಲೆ ಎಲ್ಲಾ ವಯಸ್ಸಿನವರಿಗೂ ಅಂತ ಬರೆಯೋಕೆ ಕೈ ಹೇಗೆ ಬಂತೋ. ತಗೊಳ್ಳೋರು ಡಬ್ಬಿ ತೆರೆದ ತಕ್ಷಣ ಅವನ್ನ ತೆಗೆದು ಎತ್ತರದಲ್ಲಿಡಿ.

ಮತ್ತೆ ಮಾಡ್ತೀನಿ, ಮುಂದಿನ ಸಲ ಹಗ್ಗ ಮೊದಲು, ಇಸ್ಪೀಟು ಶೋ ಮುಗಿದ್ಮೇಲೆ ದೊಡ್ಡ ಹುಡುಗರಿಗೆ ಮಾತ್ರ, ಗುಲಾಬಿ ಬೆರಳು ಡಬ್ಬೀಲೇ ಇರ್ಲಿ. ಸ್ಪಂಜ್ ಬಾಲ್ ನಾಲ್ಕು ಬಂದಿದ್ವು, ಈಗ ಮೂರೇ ಇವೆ, ಆ ಮೂರು ವರ್ಷದ್ದು ಅಷ್ಟೊತ್ತು ಕೇಳಿದ ಇನ್ನೊಂದನ್ನ ತಾನೇ ತಗೊಂಡು ಹೋಗಿದೆ ಅಂತ ಅನುಮಾನ. ಸ್ಪೇರ್ ಸಿಗುತ್ತಾ ಅಂತ ಕಂಪನಿಗೆ ಮೇಲ್ ಹಾಕಿದೀನಿ, ಇನ್ನೂ ಉತ್ತರ ಇಲ್ಲ.